ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಟಚ್‌ಪ್ಯಾಡ್ ನಂಬರ್ ಪ್ಯಾಡ್ ಆಗದು

ಸಂಪಾದಕರಿಗೆ,

ಮಾನ್ಯರೇ,

ವರ್ಷಾಂತ್ಯದ ಲೆಕ್ಕ, ಜಿಎಸ್‌ಟಿ ರಿಟರ್ನ್ಸ್, ಶಾಲಾ ಕಾಲೇಜುಗಳ ಅಂಕಪಟ್ಟಿ ಎಂದು ದಿನವಿಡೀ ಅಂಕಿ ಹೊಡೆಯುವ ಅನೇಕರು ಈಗ 13 ಅಥವಾ 14 ಇಂಚಿನ ಲ್ಯಾಪ್‌ಟಾಪ್ ಹಿಡಿದಿದ್ದಾರೆ. ಆ ಅಳತೆಯ ಲ್ಯಾಪ್‌ಟಾಪ್‌ಗಳಲ್ಲಿ ಬಲಬದಿಯ ನಂಬರ್ ಪ್ಯಾಡ್‌ಗೆ ಜಾಗವೇ ಇರುವುದಿಲ್ಲ. ಆ ಕೊರತೆಗೆ ಪರಿಹಾರವೆಂದು ಟಚ್‌ಪ್ಯಾಡ್ ಮೇಲೆ ಅಂಟಿಸುವ, ಅಂಕಿ ಮುದ್ರಿಸಿದ ತೆಳು ಹಾಳೆಗಳು ಮಾರಾಟಕ್ಕಿವೆ. ಕೊಂಡವರಲ್ಲಿ ಕೆಲವರು ಹಾಳೆ ಅಂಟಿಸಿ, 7ರ ಮೇಲೆ ಬೆರಳಿಟ್ಟು, ಏನೂ ಬರಲಿಲ್ಲವೆಂದು ದುರಸ್ತಿ ಅಂಗಡಿಗೆ ಬರುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಹಾಳೆ ಬರೀ ಗುರುತು. ಬೆರಳು ಬಿದ್ದ ಜಾಗವನ್ನು ಅಂಕಿಯಾಗಿಸುವುದು ತಂತ್ರಾಂಶ, ಮತ್ತು ಆ ತಂತ್ರಾಂಶ ಎಲ್ಲ ಯಂತ್ರದಲ್ಲೂ ಒಂದೇ ಸಲೀಸಾಗಿ ಕೂರುವುದಿಲ್ಲ.

ಕಾರ್ಖಾನೆಯಿಂದಲೇ ಈ ಸೌಲಭ್ಯದೊಂದಿಗೆ ಬರುವ ಲ್ಯಾಪ್‌ಟಾಪ್‌ಗಳೂ ಇವೆ. ಏಸಸ್ ಕಂಪನಿ 2018ರಲ್ಲಿ ತನ್ನ ಝೆನ್‌ಬುಕ್ ಸರಣಿಯಲ್ಲಿ ‘ನಂಬರ್‌ಪ್ಯಾಡ್’ ತಂದಿತು. ಟಚ್‌ಪ್ಯಾಡ್‌ನ ಬಲ ಮೇಲ್ಮೂಲೆಯ ಚಿಹ್ನೆಯನ್ನು ಸುಮಾರು ಒಂದು ಸೆಕೆಂಡು ಒತ್ತಿ ಹಿಡಿದರೆ ಗಾಜಿನೊಳಗೆ ಅಂಕಿಗಳು ಬೆಳಗುತ್ತವೆ. ಬೆರಳು ಜಾರಿಸಿದರೆ ಪಾಯಿಂಟರ್, ತಟ್ಟಿದರೆ ಅಂಕಿ. ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ಅದು ಬೆಳಗುತ್ತಿಲ್ಲವೆಂದರೆ ಪ್ಯಾಡ್ ಸತ್ತಿದೆ ಎಂದು ತಿಳಿಯಬೇಡಿ. ಆ ಮಾದರಿಯ ನಂಬರ್‌ಪ್ಯಾಡ್ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಅನ್ನು ಕಂಪನಿಯ ತಾಣದಿಂದ ಬೇರೆಯಾಗಿ ಹಾಕಬೇಕು. ವಿಂಡೋಸ್ ಬದಲು ಬಳಸುವ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ಗೆ ಕಂಪನಿಯ ಡ್ರೈವರ್ ಇಲ್ಲ, ಆಸಕ್ತರು ಪೈಥಾನ್ ಭಾಷೆಯಲ್ಲಿ ಬರೆದು ಮುಕ್ತವಾಗಿ ಕೊಟ್ಟಿರುವುದಿದೆ. ಅದನ್ನು ಹಾಕುವಾಗ ಮಾದರಿಗೆ ತಕ್ಕ ವಿನ್ಯಾಸ ಆರಿಸದಿದ್ದರೆ ದೀಪವೇನೋ ಹತ್ತುತ್ತದೆ, ಅಂಕಿಗಳು ಮಾತ್ರ ಅಕ್ಕಪಕ್ಕದ ಮನೆಗೆ ಹೋಗುತ್ತವೆ.

ಉಳಿದ ಲ್ಯಾಪ್‌ಟಾಪ್‌ಗಳಿಗೆ ಹಾಳೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮೊದಲು ಅಳತೆ. ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 19 ಮಿಲಿಮೀಟರ್. 105 ಮಿ.ಮೀ. ಅಗಲ, 70 ಮಿ.ಮೀ. ಎತ್ತರದ ಟಚ್‌ಪ್ಯಾಡ್ ಅನ್ನು ಐದು ಕಂಬ, ನಾಲ್ಕು ಸಾಲಾಗಿ ಹಂಚಿದರೆ ಒಂದೊಂದು ಮನೆ 21 ಮಿ.ಮೀ. ಅಗಲ, 17.5 ಮಿ.ಮೀ. ಎತ್ತರ ಬರುತ್ತದೆ. ಬೆರಳಿಗೆ ಇದು ಧಾರಾಳ. ಎತ್ತರ 55 ಮಿ.ಮೀ.ಗಿಂತ ಕಡಿಮೆಯಿರುವ ಹಳೆಯ ಟಚ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಇಕ್ಕಟ್ಟು, ಅಲ್ಲಿ ಈ ಸಾಹಸ ಬೇಡ. ಮೇಲಿನ ಸಾಲು 7, 8, 9, ಭಾಗಾಕಾರ, ಬ್ಯಾಕ್‌ಸ್ಪೇಸ್; ಎರಡನೆಯದು 4, 5, 6, ಗುಣಾಕಾರ, ಮತ್ತೆ ಬ್ಯಾಕ್‌ಸ್ಪೇಸ್; ಮೂರನೆಯದು 1, 2, 3, ಕಳೆಯುವ ಚಿಹ್ನೆ, ಶೇಕಡಾ; ಕೊನೆಯದು 0, ಬಿಂದು, ಎಂಟರ್, ಕೂಡುವ ಚಿಹ್ನೆ, ಸಮ. ಮೊಬೈಲಿನಲ್ಲಿ 1 ಮೇಲಿರುತ್ತದೆ, ಕ್ಯಾಲ್ಕುಲೇಟರಿನಲ್ಲಿ 7. ಟ್ಯಾಲಿ ಹೊಡೆದ ಕೈಗೆ ಕ್ಯಾಲ್ಕುಲೇಟರಿನ ಕ್ರಮವೇ ಸರಿ.

ಇದನ್ನು ಕನ್ನಡಿ ಬಿಂಬವಾಗಿ ತಿರುಗಿಸಿ ಓಎಚ್‌ಪಿ ಹಾಳೆಯ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ಮುದ್ರಣದ ಬದಿಯನ್ನು ಕೆಳಗೆ ಮಾಡಿ ಇಟ್ಟರೆ ಬೆರಳು ಉಜ್ಜಿ ಅಕ್ಷರ ಅಳಿಸುವುದಿಲ್ಲ. ಹಾಳೆ ಕೊಳ್ಳುವಾಗ ಲೇಸರಿಗೆ ಆಗುವಂಥದ್ದೇ ಎಂದು ಕೇಳಿ. ಇಂಕ್‌ಜೆಟ್‌ಗೆಂದು ಮಾಡಿದ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಿದರೆ ಒಳಗಿನ ಶಾಖಕ್ಕೆ ಕರಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ, ಆ ದುರಸ್ತಿಯ ಖರ್ಚಿನ ಮುಂದೆ ಹಾಳೆಯ ಬೆಲೆ ಏನೂ ಅಲ್ಲ. ಹಾಳೆಯನ್ನು ಟಚ್‌ಪ್ಯಾಡ್‌ಗಿಂತ ನಾಲ್ಕೂ ಬದಿ 4 ಮಿ.ಮೀ. ಕಿರಿದಾಗಿ ಕತ್ತರಿಸಿ. ಅದರ ಮೇಲೆ ಟ್ಯಾಬ್ಲೆಟ್‌ಗೆ ಹಾಕುವ ಮ್ಯಾಟ್ ಸ್ಕ್ರೀನ್ ಗಾರ್ಡ್ ಅನ್ನು ಟಚ್‌ಪ್ಯಾಡ್‌ಗಿಂತ 1 ಮಿ.ಮೀ. ಮಾತ್ರ ಕಿರಿದಾಗಿ ಕತ್ತರಿಸಿ ಅಂಟಿಸಿದರೆ ಸುತ್ತಲೂ 3 ಮಿ.ಮೀ. ಅಂಚು ಕಚ್ಚಿ ಹಿಡಿಯುತ್ತದೆ. ಗಾರ್ಡ್ ಟಚ್‌ಪ್ಯಾಡ್ ದಾಟಿ ಅಂಗೈ ಇಡುವ ಜಾಗಕ್ಕೂ ಅಂಟಿದರೆ ಒತ್ತುವ ಪ್ಯಾಡ್ ಕೆಳಗಿಳಿಯುವುದಿಲ್ಲ, ಕ್ಲಿಕ್ ಬಿಗಿಯಾಗುತ್ತದೆ. ಎರಡು ಪದರದ ನಡುವೆ ಗಾಳಿ ಉಳಿಯಬಾರದು. ಗುಳ್ಳೆಯಿದ್ದ ಕಡೆ ಬೆರಳಿನ ಸಂಕೇತ ದುರ್ಬಲವಾಗಿ ತಟ್ಟಿದ್ದು ಗೊತ್ತಾಗದೆ ಹೋಗುತ್ತದೆ. 5ರ ಮನೆಯ ನಡುವೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಒಣಗಿಸಿದರೆ ನೋಡದೆಯೇ ನಡುಮನೆ ಸಿಗುತ್ತದೆ. ಕಣ್ಣು ಕಾಣದವರಿಗಂತೂ ಇದು ಬೇಕೇ ಬೇಕು.

ಚಿನ್ನದ ಅಥವಾ ಬೆಳ್ಳಿಯ ಹೊಳಪಿನ ಅಲಂಕಾರಿಕ ಸ್ಟಿಕ್ಕರ್‌ಗಳನ್ನು ಮುಟ್ಟಬೇಡಿ. ಟಚ್‌ಪ್ಯಾಡ್ ಕೆಲಸ ಮಾಡುವುದು ಬೆರಳು ಹತ್ತಿರ ಬಂದಾಗ ವಿದ್ಯುತ್ ಧಾರಕತೆಯಲ್ಲಾಗುವ ಸಣ್ಣ ಬದಲಾವಣೆಯಿಂದ. ಲೋಹದ ಪದರ ಅದನ್ನು ಮುಚ್ಚಿಬಿಡುತ್ತದೆ ಅಥವಾ ಒಂದೆಡೆ ಮುಟ್ಟಿದ್ದನ್ನು ಎಲ್ಲೆಡೆ ಹರಡುತ್ತದೆ.

ದಪ್ಪದ ಬಗ್ಗೆ ಎಚ್ಚರ. ಮೇಲಿನ ಎರಡು ಪದರ ಸೇರಿ 0.3 ಮಿ.ಮೀ. ಹತ್ತಿರ ಆಗಬಹುದು. ಮುಚ್ಚಳ ಮುಚ್ಚಿದಾಗ ಪರದೆಗೂ ಕೆಳಭಾಗಕ್ಕೂ ನಡುವೆ ಜಾಗ ತೀರಾ ಕಡಿಮೆಯಿರುವ ಯಂತ್ರಗಳಲ್ಲಿ ಇಷ್ಟು ಸಾಕು ಪರದೆಗೆ ಒತ್ತಡ ಬೀಳಲು. ಮ್ಯಾಕ್‌ಬುಕ್‌ನ ಕ್ಯಾಮೆರಾ ಮೇಲೆ ಏನಾದರೂ ಅಂಟಿಸಲೇಬೇಕಾದರೆ ಅದು ಪ್ರಿಂಟರ್ ಕಾಗದದಷ್ಟು, ಅಂದರೆ 0.1 ಮಿ.ಮೀ.ಗಿಂತ ದಪ್ಪವಿರಬಾರದೆಂದು ಆ್ಯಪಲ್ ಹೇಳುವುದು ಇದೇ ಕಾರಣಕ್ಕೆ. ನಿಮ್ಮ ಯಂತ್ರದಲ್ಲಿ ಜಾಗವಿದೆಯೇ ನೋಡಲು ಮಾಮೂಲಿ ಪ್ರಿಂಟರ್ ಕಾಗದದ ಮೂರು ಪಟ್ಟಿ ಒಟ್ಟಿಗೆ ಟಚ್‌ಪ್ಯಾಡ್ ಮೇಲಿಟ್ಟು, ಒತ್ತದೆ ಮುಚ್ಚಳ ಇಳಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಸರಿ. ಹಿಡಿದುಕೊಂಡರೆ ಓಎಚ್‌ಪಿ ಹಾಳೆ ಬಿಟ್ಟು, ತೆಳುವಾದ ಒಂದೇ ಪದರದ ಮೇಲೆ ಮನೆಗಳ ಮೂಲೆಗೆ ಪರ್ಮನೆಂಟ್ ಮಾರ್ಕರಿನಿಂದ ಚುಕ್ಕೆ ಇಟ್ಟುಕೊಳ್ಳಿ.

ಇನ್ನು ತಂತ್ರಾಂಶ. ಇದರಲ್ಲಿ ಲಿನಕ್ಸ್ ಬಳಕೆದಾರರೇ ಅದೃಷ್ಟವಂತರು, ಟಚ್‌ಪ್ಯಾಡ್ ಹೇಳುವುದೆಲ್ಲ ಅಲ್ಲಿ ತೆರೆದಿಟ್ಟಿರುತ್ತದೆ. ಎವ್‌ಟೆಸ್ಟ್ ಎಂಬ ಸಾಧನ ಓಡಿಸಿ ಟಚ್‌ಪ್ಯಾಡ್ ಆರಿಸಿದರೆ ಎಕ್ಸ್ ಮತ್ತು ವೈ ಅಕ್ಷದ ಕನಿಷ್ಠ, ಗರಿಷ್ಠ ಬೆಲೆ ಮತ್ತು ಮಿಲಿಮೀಟರಿಗೆ ಎಷ್ಟು ಘಟಕ ಎಂಬುದು ಕಾಣುತ್ತದೆ. ಉದಾಹರಣೆಗೆ ಅಡ್ಡಕ್ಕೆ 0ಯಿಂದ 3000, ಉದ್ದಕ್ಕೆ 0ಯಿಂದ 2000 ಎಂದಿರಲಿ. ಐದು ಕಂಬಕ್ಕೆ ತಲಾ 600, ನಾಲ್ಕು ಸಾಲಿಗೆ ತಲಾ 500. ಬೆರಳು 1300, 700ರಲ್ಲಿ ಬಿದ್ದರೆ ಅಡ್ಡಕ್ಕೆ ಮೂರನೇ ಮನೆ, ಉದ್ದಕ್ಕೆ ಎರಡನೇ ಸಾಲು, ಅಂದರೆ 6. ಪೈಥಾನ್‌ನ ಎವ್‌ಡೆವ್ ಲೈಬ್ರರಿಯಿಂದ ಇದನ್ನು ಓದಿ, ಯೂಇನ್‌ಪುಟ್ ಮೂಲಕ ಹುಸಿ ಕೀಬೋರ್ಡೊಂದನ್ನು ಸೃಷ್ಟಿಸಿ ಅಂಕಿ ಕಳಿಸಿದರೆ ಆಯಿತು. ಯೂಇನ್‌ಪುಟ್ ಕರ್ನಲ್ ಎಂಬ ಲಿನಕ್ಸ್ ತಿರುಳಿನ ಮಟ್ಟದಲ್ಲೇ ಇರುವುದರಿಂದ, ಪರದೆ ನಿಭಾಯಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲೂ ನಡೆಯುತ್ತದೆ. ಕೀ ಒತ್ತಿದಂತೆ ನಟಿಸುವ ಎಕ್ಸ್‌ಡೂಟೂಲ್ ಸಾಧನ ನೆಚ್ಚಿಕೊಂಡ ಹಳೆಯ ಸ್ಕ್ರಿಪ್ಟ್‌ಗಳು (ಪುಟ್ಟ ಪ್ರೋಗ್ರಾಂಗಳು) ಅಲ್ಲಿ ಎಡವುತ್ತವೆ.

ಬರೆಯುವುದು ಸುಲಭ, ಸರಿಯಾಗಿ ನಡೆಸುವುದು ಕಷ್ಟ. ಅಂಕಿ ಬರುವುದರ ಜೊತೆಗೆ ಅದೇ ತಟ್ಟು ಕ್ಲಿಕ್ ಆಗಿಯೂ ಹೋಗಿ ಸ್ಪ್ರೆಡ್‌ಶೀಟ್‌ನಲ್ಲಿ ಬೇರೆ ಕೋಶಕ್ಕೆ ಹಾರುತ್ತದೆ. ಹಾಗಾಗಿ ಅಂಕಿ ಸ್ಥಿತಿಯಲ್ಲಿರುವಾಗ, ಅಂದರೆ ಟಚ್‌ಪ್ಯಾಡ್ ಅಂಕಿ ಹೊಡೆಯಲು ಬಳಕೆಯಲ್ಲಿರುವಾಗ, ಸ್ಕ್ರಿಪ್ಟ್ ಟಚ್‌ಪ್ಯಾಡ್ ಅನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಳ್ಳಬೇಕು, ಎವ್‌ಡೆವ್‌ನಲ್ಲಿ ಗ್ರ್ಯಾಬ್ ಎನ್ನುವುದು ಇದಕ್ಕೇ. ಆಗ ಪಾಯಿಂಟರ್ ನಿಲ್ಲುತ್ತದೆ, ಸ್ಕ್ರಿಪ್ಟ್ ಮುಗಿದರೆ ಕರ್ನಲ್ ತಾನೇ ಬಿಡಿಸಿಕೊಡುತ್ತದೆ. ಆದರೂ ಮೊದಲ ಸಲ ಪ್ರಯೋಗ ಮಾಡುವಾಗ ಯುಎಸ್‌ಬಿ ಮೌಸ್ ಒಂದು ಚುಚ್ಚಿಟ್ಟಿರಿ. ಅಂಕಿ ಕಳಿಸುವುದು ಬೆರಳು ಇಟ್ಟಾಗ ಅಲ್ಲ, ಎತ್ತಿದಾಗ. ಇಟ್ಟಲ್ಲಿಂದ 3 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಅಥವಾ ಸುಮಾರು 300 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿದ್ದರೆ ಅದನ್ನು ಬಿಟ್ಟುಬಿಡಿ, ಇಲ್ಲವಾದರೆ ಅಂಗೈ ತಾಗಿದ್ದೂ ಅಂಕಿಯಾಗುತ್ತದೆ. ಮನೆಗಳ ಗಡಿಯಲ್ಲಿ ಎರಡೂ ಕಡೆ 1 ಮಿ.ಮೀ. ನಿಷ್ಕ್ರಿಯ ಪಟ್ಟಿ ಬಿಡಿ. ಗಡಿಯ ಮೇಲೆ ಬಿದ್ದ ಬೆರಳಿಗೆ ತಪ್ಪು ಅಂಕಿ ಬರುವುದಕ್ಕಿಂತ ಏನೂ ಬಾರದಿರುವುದು ಮೇಲು.

ಎಲ್ಲಕ್ಕಿಂತ ಮೋಸ ಮಾಡುವುದು ವೇಗ. ಚುರುಕಾಗಿ ಹೊಡೆಯುವವರು 4ರ ಮೇಲಿನ ಬೆರಳು ಎತ್ತುವ ಮುನ್ನವೇ 5ರ ಮೇಲೆ ಇನ್ನೊಂದು ಬೆರಳು ಇಟ್ಟಿರುತ್ತಾರೆ. ಸರಳ ಸ್ಕ್ರಿಪ್ಟ್ ಒಂದೇ ಬೆರಳನ್ನು ನೋಡುವುದರಿಂದ 5 ಕಾಣೆಯಾಗುತ್ತದೆ, ಪರದೆಯಲ್ಲಿ 45 ಬದಲು 4. ಟಚ್‌ಪ್ಯಾಡ್ ಪ್ರತಿ ಬೆರಳಿಗೂ ಬೇರೆ ಸ್ಲಾಟ್, ಬೇರೆ ಗುರುತು ಸಂಖ್ಯೆ ಕೊಡುತ್ತದೆ, ಬೆರಳು ಎತ್ತಿದಾಗ ಆ ಸಂಖ್ಯೆ ಮೈನಸ್ 1 ಆಗುತ್ತದೆ. ಪ್ರತಿ ಸ್ಲಾಟನ್ನೂ ಬೇರೆಯಾಗಿ ಹಿಂಬಾಲಿಸುವ ಸ್ಕ್ರಿಪ್ಟ್ ಮಾತ್ರ ಲೆಕ್ಕದ ಕೆಲಸಕ್ಕೆ ಯೋಗ್ಯ. ಅಂಕಿಗಳ ಕ್ರಮ ಬೆರಳು ಇಟ್ಟ ಕ್ರಮದ್ದಿರಲಿ, ಎತ್ತಿದ ಕ್ರಮದ್ದಲ್ಲ.

ಯಾವ ಸಂಕೇತ ಕಳಿಸಬೇಕು ಎಂಬುದರಲ್ಲೂ ಕನ್ನಡಿಗರು ಗಮನಿಸಬೇಕಾದ್ದೊಂದಿದೆ. ಕೀಬೋರ್ಡಿನ ಮೇಲುಸಾಲಿನ 7 ಬೇರೆ, ನಂಬರ್ ಪ್ಯಾಡ್‌ನ 7 ಬೇರೆ; ಲಿನಕ್ಸ್‌ನಲ್ಲಿ ಮೊದಲನೆಯದರ ಸಂಕೇತ 8, ಎರಡನೆಯದರದು 71. ನಂಬರ್ ಪ್ಯಾಡ್ ಸಂಕೇತ ಕಳಿಸಿದಾಗ ನಮ್ ಲಾಕ್ ಆರಿದ್ದರೆ 7 ಬದಲು ಹೋಮ್, 8 ಬದಲು ಮೇಲ್ಬಾಣ ಆಗಿ ಕರ್ಸರ್ ಎಲ್ಲೋ ಹೋಗುತ್ತದೆ. ಇದನ್ನು ತಪ್ಪಿಸಲು ಮೇಲುಸಾಲಿನ ಸಂಕೇತ ಕಳಿಸಿದರೆ, ಆ ಸಾಲಿನಲ್ಲಿ ಕನ್ನಡ ಅಂಕಿ ಕೊಡುವ ಕೀಲಿವಿನ್ಯಾಸ ಹಾಕಿಕೊಂಡವರಿಗೆ 7 ಬದಲು ೭ ಬರುತ್ತದೆ. ಓದಲು ಚೆಂದ, ಆದರೆ ಸ್ಪ್ರೆಡ್‌ಶೀಟ್ ಅದನ್ನು ಸಾಮಾನ್ಯವಾಗಿ ಪಠ್ಯವೆಂದು ತಿಳಿದು ಮೊತ್ತಕ್ಕೆ ಸೇರಿಸುವುದಿಲ್ಲ. ಆದ್ದರಿಂದ ನಂಬರ್ ಪ್ಯಾಡ್ ಸಂಕೇತವನ್ನೇ ಕಳಿಸಿ, ಅಂಕಿ ಸ್ಥಿತಿಗೆ ಬಂದಾಗಲೆಲ್ಲ ನಮ್ ಲಾಕ್ ಹತ್ತಿದೆಯೇ ಎಂದು ಸ್ಕ್ರಿಪ್ಟ್ ನೋಡಿಕೊಳ್ಳಲಿ. ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ 1, 3, 7ರಿಂದ ನೋಟ ಬದಲಿಸುವವರಿಗೂ ಇದೇ ಸಂಕೇತ ಬೇಕು.

ಮ್ಯಾಕ್‌ನಲ್ಲಿ ಬೆರಳು ಎಲ್ಲಿದೆ ಎಂದು ಹಿನ್ನೆಲೆಯಲ್ಲಿ ಓದಲು ಆ್ಯಪಲ್ ಬಹಿರಂಗ ದಾರಿ ಕೊಟ್ಟಿಲ್ಲ. ಇಂಥ ಆ್ಯಪ್‌ಗಳು ಒಳಗಿನ ಖಾಸಗಿ ಲೈಬ್ರರಿ ಬಳಸುತ್ತವೆ, ಹಾಗಾಗಿ ಮ್ಯಾಕ್‌ಓಎಸ್ ಅಪ್‌ಡೇಟ್ ಆದ ಮರುದಿನ ನಿಂತರೆ ಆಶ್ಚರ್ಯವಿಲ್ಲ. ಸೆಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ವಿಭಾಗದ ಆ್ಯಕ್ಸೆಸಿಬಿಲಿಟಿಯಲ್ಲಿ ಆ್ಯಪ್‌ನ ಅನುಮತಿ ಒಮ್ಮೆ ತೆಗೆದು ಮತ್ತೆ ಕೊಟ್ಟು ನೋಡಿ. ವಿಂಡೋಸ್‌ನ ಪಾಡು ಬೇರೆ. ವಿಂಡೋಸ್ ತಾನೇ ನಿಭಾಯಿಸುವ ಪ್ರಿಸಿಷನ್ ಟಚ್‌ಪ್ಯಾಡ್ ಆದರೆ ಬೆರಳಿನ ಸ್ಥಾನ ಓದಬಹುದು, ಆದರೆ ಪಾಯಿಂಟರ್ ಅನ್ನು ತಡೆಯುವುದು ಸುಲಭವಲ್ಲ. ಟಚ್‌ಪ್ಯಾಡ್ ಸೆಟಿಂಗ್ಸ್‌ನಲ್ಲಿ ಒಂದು ಬೆರಳಿನ ಟ್ಯಾಪ್ ಕ್ಲಿಕ್ ತೆಗೆದುಹಾಕಿದರೆ ಕೋಶ ಹಾರುವುದಾದರೂ ನಿಲ್ಲುತ್ತದೆ. ವಿಂಡೋಸ್‌ನವರಿಗೆ ನಮ್ಮ ಸಲಹೆ ಬೇರೆಯೇ: ಕೀಗಳ ಕೆಲಸ ಬದಲಿಸುವ ಆಟೋಹಾಟ್‌ಕೀ ತಂತ್ರಾಂಶದಲ್ಲಿ ಕ್ಯಾಪ್ಸ್ ಲಾಕ್ ಹಿಡಿದಾಗ ಜೆ, ಕೆ, ಎಲ್ ಕೀಗಳು 1, 2, 3, ಯು, ಐ, ಓ ಕೀಗಳು 4, 5, 6, ಎಂ ಕೀ 0 ಆಗುವಂತೆ ಬರೆದುಕೊಳ್ಳಿ; 7, 8, 9 ಮೇಲುಸಾಲಿನವೇ ಇರಲಿ. ಹಳೆಯ ಲ್ಯಾಪ್‌ಟಾಪ್‌ಗಳ ಕೀಗಳ ಮೂಲೆಯಲ್ಲಿ ಬೇರೆ ಬಣ್ಣದಲ್ಲಿ ಮುದ್ರಿಸಿರುತ್ತಿದ್ದ ಏರ್ಪಾಡೇ ಇದು. ಹಾಳೆ ಬೇಡ, ಬೆರಳಿಗೆ ನಿಜವಾದ ಕೀ ಸಿಗುತ್ತದೆ.

ಎಲ್ಲ ಸರಿಯಿದ್ದೂ ಅಂಕಿ ತಪ್ಪುತ್ತಿದ್ದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಗೋಡೆಯ ಸಾಕೆಟ್‌ನ ಮೂರನೇ ತೂತಿಗೆ ಅರ್ಥಿಂಗ್ ಇಲ್ಲದ ಮನೆಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ; ಅಲ್ಲಿ ಚಾರ್ಜರಿನ ವಿದ್ಯುತ್ ಗದ್ದಲ ಟಚ್‌ಪ್ಯಾಡ್‌ಗೆ ಸೇರಿ ಬೆರಳಿನ ಸ್ಥಾನ ನಡುಗುತ್ತದೆ. ಬ್ಯಾಟರಿಯಲ್ಲಿ ಸರಿಯಾಗಿ ನಡೆದರೆ ಎಲೆಕ್ಟ್ರಿಷಿಯನ್ ಕರೆಸಬೇಕು, ಸ್ಕ್ರಿಪ್ಟ್ ತಿದ್ದಿ ಫಲವಿಲ್ಲ. ಕರಾವಳಿಯ ಸೆಖೆಗೆ ಬೆವರಿದ ಬೆರಳೂ ಹೀಗೇ ಮಾಡುತ್ತದೆ, ಪಕ್ಕದಲ್ಲಿ ಒಣ ಬಟ್ಟೆ ಇರಲಿ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಚಪ್ಪಟೆ ಗಾಜಿನ ಮೇಲೆ ಬೆರಳಿಗೆ ಒತ್ತಿದ ಅನುಭವವಿಲ್ಲ, ಬಿಟ್ಟುಹೋದ ಅಂಕಿ ಗೊತ್ತಾಗುವುದಿಲ್ಲ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಕೊನೆಯದೂ 12 ಅಂಕಿಗಳ ಆಧಾರ್‌ನ ಕೊನೆಯದೂ ತಾಳೆ ನೋಡಲೆಂದೇ ಇರುವಂಥವು, ತಪ್ಪಾದರೆ ಅದನ್ನು ಪರೀಕ್ಷಿಸುವ ತಂತ್ರಾಂಶ ಹಿಡಿಯುತ್ತದೆ. ಮೊತ್ತದ ಕಾಲಂಗೆ ಅಂಥ ಕಾವಲಿಲ್ಲ; 14,500 ಬದಲು 1,450 ಬಿದ್ದರೆ ಯಾವ ತಂತ್ರಾಂಶವೂ ತಡೆಯದು. ಪ್ರತಿ ಅಂಕಿಗೂ ಸಣ್ಣ ಸದ್ದು ಬರುವಂತೆ ಮಾಡಿಕೊಳ್ಳುವುದು ಸ್ವಲ್ಪ ನೆರವಾಗುತ್ತದೆ. ಪ್ರಯಾಣದಲ್ಲಿ ಒಂದೆರಡು ಬಿಲ್ ನಮೂದಿಸಲು ಟಚ್‌ಪ್ಯಾಡ್ ಸಾಕು. ದಿನಕ್ಕೆ ನೂರಾರು ವೋಚರ್ ಹೊಡೆಯುವವರು ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ನಂಬರ್ ಪ್ಯಾಡ್ ಕೊಳ್ಳಲಿ. ಚುಚ್ಚಿದರೆ ಸಾಕು, ಡ್ರೈವರ್ ಬೇಡ.

ಈ ಹಾಳೆಗಳನ್ನು ಮಾರುವವರು ಪೊಟ್ಟಣದ ಮೇಲೆ ಹಾಳೆಯ ದಪ್ಪ ಎಷ್ಟು, ಜೊತೆಗೆ ತಂತ್ರಾಂಶ ಬರುತ್ತದೆಯೇ, ಅದು ಯಾವ ಆಪರೇಟಿಂಗ್ ಸಿಸ್ಟಂನ ಯಾವ ಆವೃತ್ತಿವರೆಗೆ ನಡೆಯುತ್ತದೆ ಎಂಬುದನ್ನು ಮುದ್ರಿಸಲಿ. ಮುದ್ರಿಸದಿದ್ದರೆ ಕೊಳ್ಳುವವರು ಕೇಳಲಿ, ಉತ್ತರ ಸಿಗದಿದ್ದರೆ ಪೊಟ್ಟಣವನ್ನು ಅಲ್ಲೇ ಬಿಟ್ಟು ಬರಲಿ.

– ಲ್ಯಾಪ್‌ಟಾಪ್ ದುರಸ್ತಿ ಮತ್ತು ತಂತ್ರಾಂಶದ ಕೆಲಸದವರು, ದಾವಣಗೆರೆ