ಕೀಲಿ ಕಳೆದರೆ ಯಾರನ್ನು ಕೇಳುವುದು?

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಅಂಗಡಿ, ಅಕ್ಕಿ ಗಿರಣಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು ನಾನು. ಈಚೆಗೆ ಕೆಲವು ಗಿರಾಕಿಗಳು ‘ಡಾಟ್ ಕಾಮ್ ಬೇಡ, ಬ್ಲಾಕ್‌ಚೈನ್ ಮೇಲಿನ ಡಾಟ್ ಇಟಿಎಚ್ ಹೆಸರು ತೆಗೆಸಿಕೊಡಿ, ಅದನ್ನು ಯಾರೂ ಕಿತ್ತುಕೊಳ್ಳಲಾರರಂತೆ’ ಎನ್ನುತ್ತಿದ್ದಾರೆ. ಬ್ಲಾಕ್‌ಚೈನ್ ಎಂದರೆ ಒಂದೇ ಸಂಸ್ಥೆಯ ಕೈಯಲ್ಲಿರದೆ, ಹಲವು ಕಂಪ್ಯೂಟರ್‌ಗಳು ಸೇರಿ ಕಾಪಾಡುವ ದಾಖಲೆ ಪುಸ್ತಕ.

ಭಯ ಪೂರ್ತಿ ಸುಳ್ಳಲ್ಲ. 2022ರಲ್ಲಿ ಯುದ್ಧ ಶುರುವಾದಾಗ ರಷ್ಯಾದ ವೆಬ್ ವಿಳಾಸಗಳ ಕೊನೆಗೆ ಬರುವ ಡಾಟ್ ಆರ್‌ಯು ತೆಗೆದುಹಾಕಿ ಎಂದು ಉಕ್ರೇನ್ ಜಗತ್ತಿನ ವೆಬ್ ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯನ್ನು ಕೇಳಿತ್ತು. ಐಕ್ಯಾನ್ ಒಪ್ಪಲಿಲ್ಲ; ಆದರೂ ಹಾಗೆ ಕೇಳಲು ಒಂದು ಬಾಗಿಲಿದೆ ಎಂಬುದೇ ಹಲವರಿಗೆ ಚುಚ್ಚುತ್ತದೆ.

ಆದರೆ ಬ್ಲಾಕ್‌ಚೈನ್ ಮೇಲೆ ಹೆಸರು ಕೊಡುವ ಈ ಪ್ರಯೋಗ ಹೊಸದಲ್ಲ. 2011ರಲ್ಲೇ ಬಿಟ್‌ಕಾಯಿನ್‌ನ ತಂತ್ರಾಂಶ ಬಳಸಿ ನೇಮ್‌ಕಾಯಿನ್ ಹುಟ್ಟಿತು, ಡಾಟ್ ಬಿಟ್ ಹೆಸರು ಹಂಚಿತು. 2015ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ತೆಗೆದು ನೋಡಿದರೆ ಸುಮಾರು 1.2 ಲಕ್ಷ ಹೆಸರುಗಳಲ್ಲಿ ನಿಜಕ್ಕೂ ಬಳಕೆಯಲ್ಲಿದ್ದವು ಬರೀ 28! ಉಳಿದವು ಹೊಸ ಬಡಾವಣೆಯಲ್ಲಿ ಬೇಲಿ ಹಾಕಿ ಬಿಟ್ಟ ಸೈಟುಗಳ ಹಾಗೆ. ನೋಂದಣಿ ತೀರಾ ಅಗ್ಗ, ದೂರು ಕೊಡಲು ಯಾರೂ ಇಲ್ಲ, ಇನ್ನೇನಾಗುತ್ತದೆ?

2017ರಲ್ಲಿ ಬಂದ ಡಾಟ್ ಇಟಿಎಚ್ ವ್ಯವಸ್ಥೆ ಇದರಿಂದ ಪಾಠ ಕಲಿತಿದೆ. ಐದು ಅಥವಾ ಅದಕ್ಕಿಂತ ಹೆಚ್ಚು ಅಕ್ಷರದ ಹೆಸರಿಗೆ ವರ್ಷಕ್ಕೆ 5 ಡಾಲರ್, ಮೂರಕ್ಷರದ್ದಕ್ಕೆ 640. ಸುಮ್ಮನೆ ಹಿಡಿದಿಟ್ಟುಕೊಳ್ಳುವುದು ದುಬಾರಿ. ಆದರೆ ಬಹುತೇಕ ಬ್ರೌಸರ್‌ಗಳಲ್ಲಿ ಬೇರೆ ತಂತ್ರಾಂಶ ಹಾಕದೆ ಈ ವಿಳಾಸ ತೆರೆಯುವುದೇ ಇಲ್ಲ. ಅಕ್ಕಿ ಕೊಳ್ಳುವವರು ಇದಕ್ಕಾಗಿ ತಂತ್ರಾಂಶ ಹಾಕಿಕೊಳ್ಳುತ್ತಾರೆಯೇ?

ನನ್ನನ್ನು ಹೆಚ್ಚು ಕಾಡುವುದು ಕೀಲಿಯ ಮಾತು. ಬ್ಲಾಕ್‌ಚೈನ್‌ನಲ್ಲಿ ಗುಪ್ತ ಕೀಲಿ, ಅಂದರೆ ಪಾಸ್‌ವರ್ಡ್‌ನಂಥ ಉದ್ದನೆಯ ಗುಟ್ಟಿನ ಸಂಖ್ಯೆ, ಇದ್ದವನೇ ಯಜಮಾನ. ನನ್ನ ಗಿರಾಕಿಯೊಬ್ಬರು ತೀರಿಕೊಂಡಾಗ ವೆಬ್‌ಸೈಟ್ ಹೆಸರಿನ ಖಾತೆಯ ಪಾಸ್‌ವರ್ಡ್ ಮನೆಯವರಿಗೆ ಗೊತ್ತಿರಲಿಲ್ಲ. ಮರಣ ಪ್ರಮಾಣಪತ್ರ, ಜಿಎಸ್‌ಟಿ ದಾಖಲೆಗಳನ್ನು ನೋಂದಣಿ ಕಂಪನಿಗೆ ಕಳಿಸಿ, ಫೋನಿನಲ್ಲಿ ಜಗಳವಾಡಿ, ಕೊನೆಗೂ ಮಗನ ಹೆಸರಿಗೆ ಮಾಡಿಸಿದೆವು. ಬ್ಲಾಕ್‌ಚೈನ್ ಮೇಲಾಗಿದ್ದರೆ ಆ ಕಾಗದಗಳನ್ನು ನೋಡುವವರೇ ಇರುತ್ತಿರಲಿಲ್ಲ. ನವೀಕರಣದ ಹಣ ನಿಂತರೆ, ಕೆಲವು ತಿಂಗಳ ಬಳಿಕ ಹೆಸರು ಇನ್ಯಾರದೋ ಪಾಲಾಗಬಹುದು. ನಮ್ಮ ಅಂಗಡಿಯ ಹೆಸರನ್ನು ಬೇರೆಯವರು ಹಾರಿಸಿಕೊಂಡರೂ ಅಷ್ಟೇ. ಡಾಟ್ ಇನ್‌ನಲ್ಲಾದರೆ ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಮಧ್ಯಸ್ಥಿಕೆ ವ್ಯವಸ್ಥೆ ಇದೆ.

ವ್ಯಾಪಾರಿಗಳು ಮೊದಲು ಇಷ್ಟು ಮಾಡಲಿ: ಈಗಿರುವ ಹೆಸರು ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂದು ನೋಡಿಕೊಳ್ಳಲಿ. ನಮ್ಮೂರಲ್ಲಿ ಎಷ್ಟೋ ಅಂಗಡಿಗಳ ಹೆಸರು ಇವತ್ತಿಗೂ ವೆಬ್‌ಸೈಟ್ ಮಾಡಿಕೊಟ್ಟವನ ಖಾತೆಯಲ್ಲೇ ಇದೆ.

– ವೆಬ್‌ಸೈಟ್ ವಿನ್ಯಾಸಕ, ದಾವಣಗೆರೆ