ನಿದ್ದೆಯಲ್ಲೇ ಹಲ್ಲಿನ ಚಿಕಿತ್ಸೆ: ಯಾವ ನಿದ್ದೆ?

ಮಾನ್ಯರೇ,

‘ನಿದ್ದೆಯಲ್ಲೇ ಹಲ್ಲಿನ ಚಿಕಿತ್ಸೆ’ ಎಂದು ಫಲಕ ಹಾಕುವ ದವಾಖಾನೆಗಳು ಅದು ಎಂಥ ನಿದ್ದೆ ಎಂಬುದನ್ನೂ ಬರೆಯಬೇಕು. ಮೂಗಿಗೆ ಹಿಡಿಯುವ ನೈಟ್ರಸ್ ಆಕ್ಸೈಡ್ ಅನಿಲ, ನುಂಗುವ ಮಂಪರಿನ ಗುಳಿಗೆ, ರಕ್ತನಾಳಕ್ಕೆ ಕೊಡುವ ಮಿಡಜೋಲಾಮ್ ಎಂಬ ಮಂಪರಿನ ಔಷಧ, ಪೂರ್ಣ ಅರಿವಳಿಕೆ, ನಾಲ್ಕೂ ಬೇರೆ ಬೇರೆ. ಹೆದರಿದ ರೋಗಿಗೆ ಇದು ಗೊತ್ತಿರುವುದಿಲ್ಲ, ಕೇಳಲು ಸಂಕೋಚ ಬೇರೆ.

ಭಯದ ಔಷಧವೇ ಬೇರೆ, ನೋವಿನ ಔಷಧವೇ ಬೇರೆ. ಪೂರ್ಣ ಅರಿವಳಿಕೆ ಬಿಟ್ಟರೆ ಉಳಿದ ಮೂರರಲ್ಲೂ ಹಲ್ಲು ಕೀಳಲು ಆ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಸೂಜಿ ಬೇಕೇ ಬೇಕು. ಕೀವು ತುಂಬಿ ಬಾತ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ ಆ ಸೂಜಿ ಸರಿಯಾಗಿ ಹಿಡಿಯುವುದಿಲ್ಲ. ಆಗ ನಿದ್ದೆಯ ಔಷಧ ಏರಿಸುವುದು ತಪ್ಪು ದಾರಿ. ಊತದಿಂದ ದೂರ, ನರದ ಬುಡದಲ್ಲಿ ಸೂಜಿ ಕೊಡಬೇಕು, ಇಲ್ಲವೇ ಮೊದಲು ಕೀವು ಹೊರತೆಗೆಯಬೇಕು.

ಸಾಧಾರಣ ಭಯಕ್ಕೆ ನೈಟ್ರಸ್ಸೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಮೊದಲು ಬರೀ ಆಮ್ಲಜನಕ, ಆಮೇಲೆ ಶೇ 5ರಿಂದ 10ರಂತೆ ನೈಟ್ರಸ್ ಏರಿಸುತ್ತ ಹೋಗಬೇಕು. ಬಹುತೇಕರಿಗೆ ಶೇ 30ರಿಂದ 50ರೊಳಗೆ ಕೈಕಾಲು ಜುಮ್ಮೆಂದು ಮೈ ಹಗುರಾಗುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ, ಬಾಯಿ ತೆರೆಯಿರಿ ಎಂದರೆ ತೆರೆಯುತ್ತಾರೆ. ವಾಕರಿಕೆ, ಬೆವರು ಕಂಡರೆ ಪ್ರಮಾಣ ಮೀರಿತೆಂದು ತಿಳಿದು ಇಳಿಸಬೇಕು. ಮುಗಿದ ಮೇಲೆ 5 ನಿಮಿಷ ಶುದ್ಧ ಆಮ್ಲಜನಕ ಕೊಡದೆ ಕುರ್ಚಿಯಿಂದ ಎಬ್ಬಿಸಬಾರದು. ರಕ್ತದಿಂದ ವಾಪಸಾಗುವ ನೈಟ್ರಸ್ ಶ್ವಾಸಕೋಶದ ಆಮ್ಲಜನಕವನ್ನು ತೆಳುವಾಗಿಸಿ ತಲೆನೋವು, ಮಂಪರು ತರಬಹುದು. ಮೂಗು ಕಟ್ಟಿದ್ದರೆ ಇದರಿಂದ ಪ್ರಯೋಜನವಿಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲಿ, ಇತ್ತೀಚೆಗೆ ಕಣ್ಣಿನ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಗ್ಯಾಸ್ ತುಂಬಿಸಿಕೊಂಡವರಿಗೆ ಬೇಡ.

ಗುಳಿಗೆಯನ್ನು ನುಂಗಿದ ಮೇಲೆ ಹೆಚ್ಚು ಕಡಿಮೆ ಮಾಡಲಾಗದು. ಮನೆಯಲ್ಲಿದ್ದ ಯಾರದೋ ಆತಂಕದ ಗುಳಿಗೆ ಅಲ್ಪ್ರಾಜೋಲಾಮ್ ನುಂಗಿ ಬಂದು ಸುಮ್ಮನೆ ಕೂರುವವರಿದ್ದಾರೆ. ಅದರ ಮೇಲೆ ದವಾಖಾನೆಯದೂ ಸೇರಿದರೆ ಉಸಿರು ಕುಗ್ಗುತ್ತದೆ. ಕುಡಿದು ಬಂದವರ ಪಾಡು ಇನ್ನೂ ಕಷ್ಟ. ನವಲಗುಂದದಿಂದಲೋ ಕುಂದಗೋಳದಿಂದಲೋ ಒಬ್ಬರೇ ಬೈಕಿನಲ್ಲಿ ಬಂದವರಿಗೆ ಈ ಗುಳಿಗೆ ಕೊಡಲೇಬಾರದು. ಜೊತೆಗೊಬ್ಬರು ಇರಬೇಕು, 24 ಗಂಟೆ ಗಾಡಿ ಮುಟ್ಟಬಾರದು.

ರಕ್ತನಾಳದ ಮಿಡಜೋಲಾಮ್ ಅನ್ನು ವಯಸ್ಕರಿಗೆ 1 ಮಿ.ಗ್ರಾಂನಂತೆ ನಿಧಾನವಾಗಿ ಕೊಟ್ಟು, ಕನಿಷ್ಠ 2 ನಿಮಿಷ ಕಾದು, ನೋಡಿಯೇ ಮುಂದುವರಿಯಬೇಕು. ವಯಸ್ಸಾದವರಿಗೆ ಇದಕ್ಕೂ ಕಡಿಮೆ ಸಾಕು. ಹಲ್ಲು ಕೀಳುವವರೇ ಉಸಿರನ್ನೂ ಕಾಯುವುದು ಆಗದ ಮಾತು. ಅದಕ್ಕೆಂದೇ ತರಬೇತಿ ಪಡೆದ ಇನ್ನೊಬ್ಬರು ಬೇಕು. ಪಲ್ಸ್ ಆಕ್ಸಿಮೀಟರ್, ಆಮ್ಲಜನಕ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಔಷಧದ ಪರಿಣಾಮ ಇಳಿಸುವ ಫ್ಲುಮಜೆನಿಲ್ ಕೈಗೆಟುಕುವಲ್ಲಿರಬೇಕು, ಬೀಗ ಹಾಕಿದ ಕಪಾಟಿನಲ್ಲಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಗುಟ್ಕಾ, ಅಡಿಕೆ ಅಗಿದು ಬಾಯಿ ಎರಡು ಬೆರಳಷ್ಟೂ ತೆರೆಯದವರು ಇಲ್ಲಿ ಅಪರೂಪವಲ್ಲ. ಉಸಿರು ನಿಂತರೆ ಇಂಥವರ ಗಂಟಲಿಗೆ ಕೊಳವೆ ಇಳಿಸುವುದು ತೀರಾ ಕಷ್ಟ. ಜೋರಾಗಿ ಗೊರಕೆ ಹೊಡೆಯುವ ದಪ್ಪ ಮೈಯವರದೂ ಅದೇ ಕತೆ. ಇವರಿಗೆ ಅರಿವಳಿಕೆ ತಜ್ಞರಿರುವ ದೊಡ್ಡ ಆಸ್ಪತ್ರೆಯೇ ಸರಿ. ಧಾರವಾಡದ ಸತ್ತೂರಿನಲ್ಲಂತೂ ದಂತ ಕಾಲೇಜೂ ವೈದ್ಯಕೀಯ ಕಾಲೇಜೂ ಒಂದೇ ಆವರಣದಲ್ಲಿವೆ.

ಪೂರ್ಣ ಅರಿವಳಿಕೆಗೆ ಹೋಗುವವರು ಲಘು ಉಪಾಹಾರವನ್ನು 6 ಗಂಟೆ, ಎಣ್ಣೆಯ ಊಟವನ್ನು 8 ಗಂಟೆ ಮೊದಲೇ ಮುಗಿಸಬೇಕು. ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು ಹಾಕಿದ ಚಹಾ ಮಾತ್ರ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೂ 6 ಗಂಟೆಯೇ.

– ಕೆಲವು ದಂತವೈದ್ಯರು, ಧಾರವಾಡ