ಅಶ್ವಿನಿ ಮಳೆಗೆ ಮೊದಲು ತಾರಸಿ ಮುಗಿಯಬೇಕು: ಲೀಲಾವತಿ ಸಂಗ್ರಹ ಮತ್ತು ಅಭಿನಯ ತರಗತಿಗಾಗಿ ದೇಣಿಗೆ ಮನವಿ

ಕಲಾಬಂಧುಗಳೇ,

ಹೋದ ಅಕ್ಟೋಬರಿನ ಚಿತ್ತಾ ಮಳೆಗೆ ಮೈಸೂರು ಲಕ್ಷ್ಮೀಪುರಂನಲ್ಲಿರುವ ನಮ್ಮ ಟ್ರಸ್ಟಿನ ಮನೆಯ ನಡುಮನೆ ಸೋರಿ, ಹಿರಿಯ ಚಿತ್ರನಟಿ ಲೀಲಾವತಿಯಮ್ಮನವರ ಸಂಗ್ರಹವಿದ್ದ ಎರಡು ಬೀರುಗಳಿಗೆ ನೀರು ಇಳಿದ ವಿಷಯ ತಮ್ಮಲ್ಲಿ ಬಹುತೇಕರಿಗೆ ಗೊತ್ತಿದೆ. ದಸರೆಗೆ ಬಂದವರು ನೆಲದ ಮೇಲೆ ಸಾಲಾಗಿ ಇಟ್ಟಿದ್ದ ಬಕೆಟ್ಟುಗಳನ್ನು ನೋಡಿಯೂ ಹೋಗಿದ್ದಾರೆ. ಸದ್ಯ ತಾರಸಿಯ ಮೇಲೆ ಟಾರ್ಪಾಲು ಹೊದಿಸಿದೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಅದರ ಬೆನ್ನಿಗೇ ಭರಣಿ. ಆ ಮಳೆಗಳ ಜೊತೆ ಬೀಸುವ ಗಾಳಿಗೆ ಟಾರ್ಪಾಲು ನಿಲ್ಲುವುದಿಲ್ಲ. ಶಿವರಾತ್ರಿ ಕಳೆದ ಕೂಡಲೇ ಕೆಲಸ ಹಿಡಿಸಬೇಕು. ಅದಕ್ಕೂ ಮೊದಲು ಸುಣ್ಣ ಅರಳಿಸಿ ಗುಂಡಿಯಲ್ಲಿ ಕೊಳೆಹಾಕಬೇಕು, ಮರಕ್ಕೆ ಮುಂಗಡ ಕೊಡಬೇಕು. ಆದ್ದರಿಂದ ಜನವರಿ ಕೊನೆಯೊಳಗೆ ಹಣದ ದೊಡ್ಡ ಪಾಲು ಕೈಗೆ ಬರಬೇಕೆಂಬುದು ನಮ್ಮ ಪ್ರಾರ್ಥನೆ.

ಈ ಸಂಗ್ರಹ ಯಾಕೆ ಮೈಸೂರಿನಲ್ಲೇ ಇರಬೇಕು ಎಂದು ಹೊಸಬರು ಕೇಳುವುದುಂಟು. ಬೆಳ್ತಂಗಡಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡ ಹುಡುಗಿ ಕಲಾವಿದೆಯಾದದ್ದು ಈ ಊರಿನಲ್ಲಿ. ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯಲ್ಲಿ ಬಣ್ಣ ಹಚ್ಚಿದರು. 1949ರ ‘ನಾಗಕನ್ನಿಕಾ’ದಲ್ಲಿ ಚಿಕ್ಕ ಪಾತ್ರ. 1958ರ ‘ಮಾಂಗಲ್ಯ ಯೋಗ’ದಲ್ಲಿ ನಾಯಕಿ. 1960ರ ‘ರಣಧೀರ ಕಂಠೀರವ’ದಲ್ಲಿ ಡಾ. ರಾಜ್‌ಕುಮಾರ್ ಎದುರು ನಿಂತ ಮೇಲೆ ಅವರ ಹೆಸರು ಹೇಳಿಕೊಡಬೇಕಾದ ಅಗತ್ಯವೇ ಉಳಿಯಲಿಲ್ಲ. ಕನ್ನಡ, ತಮಿಳು, ತೆಲುಗು ಸೇರಿ 600ಕ್ಕೂ ಹೆಚ್ಚು ಚಿತ್ರಗಳು, 1999ರ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿ, ಸೋಲದೇವನಹಳ್ಳಿಯಲ್ಲಿ ಜನರಿಗೂ ದನಕರುಗಳಿಗೂ ಕಟ್ಟಿಸಿಕೊಟ್ಟ ಆಸ್ಪತ್ರೆಗಳು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡ ಮೇಲೆ ನಮ್ಮ ಬೀರುಗಳಿಗೆ ಬಂದು ಸೇರಿದ ವಸ್ತುಗಳು ಅದಕ್ಕೂ ಹಿಂದಿನ ಹತ್ತು ವರ್ಷದಲ್ಲಿ ಬಂದವುಗಳಿಗಿಂತ ಹೆಚ್ಚು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಮನೆಮನೆಗಳ ಅಟ್ಟದಿಂದ ಇಳಿದವು ಅವು: ಮುನ್ನೂರಕ್ಕೂ ಮೇಲ್ಪಟ್ಟ ಸ್ಟಿಲ್ ಫೋಟೋ, ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಗೋಡೆ ಪೋಸ್ಟರ್, ಟೂರಿಂಗ್ ಟಾಕೀಸಿನವರಿಂದ ಬಂದ 16 ಎಂಎಂ ರೀಲಿನ ಡಬ್ಬಿಗಳು, ಹಳೆಯ ಸಂದರ್ಶನ, ಸನ್ಮಾನ, ಧಾರಾವಾಹಿ ಕಂತುಗಳ ಕ್ಯಾಸೆಟ್‌ಗಳು.

ಇವನ್ನು ಗಾಜಿನ ಹಿಂದಿಟ್ಟು ಊದುಬತ್ತಿ ಹಚ್ಚಲು ಇಟ್ಟುಕೊಂಡಿಲ್ಲ. ಇವು ನಮ್ಮ ಭಾನುವಾರದ ಅಭಿನಯ ತರಗತಿಯ ಪಾಠಪುಸ್ತಕ. 1969ರ ‘ಗೆಜ್ಜೆ ಪೂಜೆ’ಯಲ್ಲಿ ಲೀಲಾವತಿಯಮ್ಮ ಕಲ್ಪನಾ ಅವರ ತಾಯಿ. ಇಬ್ಬರ ವಯಸ್ಸಿಗೂ ಕೆಲವೇ ವರ್ಷದ ಅಂತರ. 1972ರ ‘ನಾಗರಹಾವು’ವಿನಲ್ಲಿ ಚಾಮಯ್ಯ ಮೇಷ್ಟ್ರ ಹೆಂಡತಿ. ಇಷ್ಟಾದ ಮೇಲೂ 1974ರ ‘ಭಕ್ತ ಕುಂಬಾರ’ದಲ್ಲಿ ಮತ್ತೆ ರಾಜ್‌ಕುಮಾರರ ಪತ್ನಿ. ನಾಯಕಿಯಿಂದ ಅಮ್ಮನ ಪಾತ್ರಕ್ಕೆ ಜಾರಿದರೆ ಬದುಕು ಮುಗಿಯಿತು ಎಂದುಕೊಳ್ಳುವ ಹುಡುಗಿಯರ ಮುಂದೆ ಈ ಮೂರು ಚಿತ್ರಗಳ ಸ್ಟಿಲ್ ಅಕ್ಕಪಕ್ಕ ಇಟ್ಟರೆ ಸಾಕು. ಬೆನ್ನು ಎಷ್ಟು ಬಾಗಿದೆ, ಸೆರಗು ಎಲ್ಲಿ ನಿಂತಿದೆ, ಮಾತಾಡುವಾಗ ಗದ್ದ ಎಷ್ಟು ಎತ್ತಿದೆ ಎಂದು ಅವರೇ ಎಣಿಸಿ ಹೇಳುತ್ತಾರೆ. ಕಂಪನಿ ನಾಟಕದಿಂದ ಬಂದ ನಟಿಗೆ ಕಟ್ಟಕಡೆಯ ಬೆಂಚಿಗೂ ಕೇಳುವ ಗಂಟಲು ಇರುತ್ತಿತ್ತು. ಕ್ಯಾಮೆರಾ ಮುಂದೆ ಅದನ್ನು ಅರ್ಧಕ್ಕೆ ಇಳಿಸಿ ಕಣ್ಣಿಗೆ ಕೆಲಸ ಕೊಡಬೇಕು. ಧಾರಾವಾಹಿಗೆ ಇನ್ನೂ ಇಳಿಸಬೇಕು, ಎದೆಯ ಮೇಲೆ ಕಾಲರ್ ಮೈಕ್ ಇರುತ್ತದೆ.

ತರಗತಿಗೆ ಬರುವ ಮಕ್ಕಳ ಪಾಡು ತಮಗೆ ತಿಳಿಯದ್ದಲ್ಲ. ಪಾಂಡವಪುರ, ಮಳವಳ್ಳಿ, ಕೆ.ಆರ್. ಪೇಟೆ, ತಿ. ನರಸೀಪುರದ ಕಡೆಯ ಕೂಲಿ ಮನೆ, ಸಣ್ಣ ಹಿಡುವಳಿಯ ಮನೆಗಳವರು. ಕಬ್ಬು ಕಡಿಯುವ ಕಾಲಕ್ಕೆ ಅರ್ಧ ತರಗತಿ ಖಾಲಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಕೊನೆಯ ಬಸ್ಸಿನ ಚಿಂತೆ ತಪ್ಪಿಲ್ಲ. ರಂಗಾಯಣದ ಡಿಪ್ಲೊಮಾ ಸೇರಿ ಒಂದು ವರ್ಷ ಮನೆ ಬಿಟ್ಟಿರಬಲ್ಲವರಿಗೆ ಆ ದಾರಿ ಇದೆ, ನಾವೇ ಅರ್ಜಿ ತುಂಬಿಸಿ ಕಳಿಸುತ್ತೇವೆ. ಬಿಟ್ಟಿರಲಾರದವರು ನಮ್ಮಲ್ಲಿಗೆ ಬರುತ್ತಾರೆ.

ಅವರಿಗೆ ಮೊದಲ ದಿನವೇ ಹೇಳುವ ಪಾಠ ಅಭಿನಯದ್ದಲ್ಲ. ಪಾತ್ರ ಕೊಡಿಸುತ್ತೇವೆ, ನೋಂದಣಿ ಶುಲ್ಕ ಕಟ್ಟಿ, ನಮ್ಮ ಫೋಟೋಗ್ರಾಫರ್ ಹತ್ತಿರವೇ ಪೋರ್ಟ್‌ಫೋಲಿಯೊ ಮಾಡಿಸಿ ಎನ್ನುವವನು ಏಜೆಂಟನಲ್ಲ, ವಂಚಕ. ನೆಟ್ಟಗೆ ನಡೆಯುವ ನಿರ್ಮಾಣ ಸಂಸ್ಥೆ ಕಲಾವಿದರಿಗೆ ಹಣ ಕೊಡುತ್ತದೆ, ಕಲಾವಿದರಿಂದ ಕೇಳುವುದಿಲ್ಲ. ಆಡಿಷನ್‌ಗೆ ಬಿಳಿ ಗೋಡೆಯ ಮುಂದೆ, ಕಿಟಕಿಯ ಬೆಳಕಿನಲ್ಲಿ, ಮೇಕಪ್ ಇಲ್ಲದೆ ಮೊಬೈಲಿನಲ್ಲಿ ತೆಗೆದ ಮೂರು ಫೋಟೋ ಸಾಕು: ಎದುರಿನದು, ಪಕ್ಕದ್ದು, ಪೂರ್ತಿ ನಿಂತದ್ದು. ಸಂಭಾವನೆ ದಿನದ ಲೆಕ್ಕ. ಕೈಗೆ ಬರುವುದು ತಡವಾಗಬಹುದು. ಅಷ್ಟು ಕಾಲ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಲು ಹಣವಿಲ್ಲದೆ ಹೊರಟರೆ ಮೊದಲ ಪಾತ್ರದಲ್ಲೇ ಸಾಲ. ಪೋಷಕ ಪಾತ್ರದವರು ಎಷ್ಟೋ ಸಲ ಸೀರೆ, ಒಡವೆ ತಾವೇ ತರಬೇಕು. ಅದಕ್ಕೇ ನಮ್ಮಲ್ಲೊಂದು ಸೀರೆ ಪೆಟ್ಟಿಗೆ ಇದೆ, ತಾವುಗಳೇ ಕೊಟ್ಟದ್ದು. ಇನ್ನು ಮುಂದೆ ಕೊಡುವವರು ಸಣ್ಣ ಗೆರೆ, ಸಣ್ಣ ಚೌಕುಳಿಯದನ್ನು ಕೊಡಬೇಡಿ, ಕ್ಯಾಮೆರಾದಲ್ಲಿ ಅದು ಕುಣಿಯುತ್ತದೆ.

ಅಭಿನಯದಲ್ಲಿ ಹೆಚ್ಚು ಎಡವುವುದು ಪ್ರಾಂಪ್ಟಿಂಗ್‌ನಲ್ಲಿ. ಸಹಾಯಕ ನಿರ್ದೇಶಕರು ಮಾತು ಓದುತ್ತಾರೆ, ನಟಿ ಹಿಡಿದು ಹೇಳುತ್ತಾಳೆ. ಹೊಸಬರ ಕಣ್ಣು ದನಿ ಬಂದ ಕಡೆಗೆ ಓಡುತ್ತದೆ, ಆ ಶಾಟ್ ಹೋಯಿತು. ಬೆನ್ನ ಹಿಂದಿನಿಂದ ಓದಿಸಿ, ಎದುರಿನ ಗೋಡೆಯ ಒಂದು ಚುಕ್ಕೆಗೆ ಕಣ್ಣು ನೆಟ್ಟು ಹೇಳಿಸುವುದು ನಮ್ಮ ಕ್ರಮ. ವಾಕ್ಯ ಪೂರ್ತಿ ಕೇಳಿಸಿಕೊಂಡು ಶುರು ಮಾಡಿದರೆ ನಡುವೆ ಖಾಲಿ ಬೀಳುತ್ತದೆ, ಮೂರನೆಯ ಪದಕ್ಕೇ ಹಿಡಿಯಬೇಕು. ಎರಡನೆಯದು ಕಂಟಿನ್ಯುಟಿ: ಇಡೀ ದೃಶ್ಯ ಒಟ್ಟಿಗೆ ಹಿಡಿಯುವ ಮಾಸ್ಟರ್ ಶಾಟಿನಲ್ಲಿ ಬಲಗೈಯಲ್ಲಿದ್ದ ಲೋಟ ಕ್ಲೋಸಪ್ಪಿನಲ್ಲಿ ಎಡಗೈಗೆ ಬಂದರೆ ಬೈಗುಳ ನಟಿಗೇ. ಅಳುವ ದೃಶ್ಯಕ್ಕೆ ಗ್ಲಿಸರಿನ್ ಕೆಳರೆಪ್ಪೆಯ ಹೊರಗೆ ಹಚ್ಚುವುದೇ ಹೊರತು ಕಣ್ಣೊಳಗೆ ಅಲ್ಲ. ಇಲ್ಲಿ ಕಲಿತು ಹೋದ ಹುಡುಗಿಯರನ್ನು ತಾವು ಸಂಜೆ ಹೊತ್ತು ಟಿವಿಯಲ್ಲಿ ನೋಡುತ್ತಿದ್ದೀರಿ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ನಮಗೆ ಹಾಕುವ ಆಸೆ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈಗ ತಾರಸಿಯ ಮಾತು. ಮನೆ ಮದ್ರಾಸ್ ತಾರಸಿಯದು. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚು ನಿಲ್ಲಿಸಿ ಓರೆಯಾಗಿ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಜೆಲ್ಲಿ, ಸುಣ್ಣದ ಪದರ ಬಡಿದು, ಅದರ ಮೇಲೆ ಚಪ್ಪಟೆ ಹೆಂಚು. ಟ್ರಸ್ಟಿಗೆ ಬರುವ ಹೊತ್ತಿಗೇ ಆ ಹೆಂಚಿನ ಮೇಲೆ ಯಾರೋ ಸಿಮೆಂಟ್ ಗಿಲಾವು ಎಳೆದಿದ್ದರು. ಬಿಸಿಲಿಗೆ ಮರ, ಸುಣ್ಣ ಎರಡೂ ಕೊಂಚ ಆಡುತ್ತವೆ, ಸಿಮೆಂಟ್ ಆಡುವುದಿಲ್ಲ, ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲೆ ಆವಿಯಾಗಲು ಸಿಮೆಂಟ್ ಬಿಡದು, ಕೆಳಗೆ ಜಂತೆಯ ತುದಿಗೆ ಹೋಗಿ ನಿಲ್ಲುತ್ತದೆ. ಗೋಡೆಯೊಳಗೆ ಕೂತ ಆ ತುದಿ ಕೊಳೆತದ್ದು ಹೊರಗಿನಿಂದ ಕಾಣುವುದೇ ಇಲ್ಲ, ಸುತ್ತಿಗೆಯಲ್ಲಿ ತಟ್ಟಿ ಕೇಳಬೇಕು. ನಮ್ಮಲ್ಲಿ ಆರು ಜಂತೆ ಟೊಳ್ಳು ಸದ್ದು ಮಾಡುತ್ತಿವೆ. ಪ್ಯಾರಪೆಟ್ ಬುಡದಲ್ಲಿ ಅರಳಿ ಗಿಡ ಬೇರೂರಿದೆ. ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಗಾರೆ ಬಿಡಿಸಿ ಬೇರನ್ನೇ ತೆಗೆಯಬೇಕು.

ಮೇಲೆ ಇನ್ನೊಂದು ಪದರ ವಾಟರ್‌ಪ್ರೂಫ್ ಬಳಿದರೆ ಲಕ್ಷದೊಳಗೆ ಮುಗಿಯುತ್ತದಲ್ಲ ಎಂದು ಹಲವರು ಸಲಹೆ ಕೊಟ್ಟಿದ್ದಾರೆ. ಒಳಗಿನ ತೇವ ಒಳಗೇ ಉಳಿದು ಇನ್ನುಳಿದ ಜಂತೆಗಳೂ ಹೋಗುತ್ತವೆ. ಕಾಲು ಕೊಳೆಯುತ್ತಿರುವಾಗ ಮೇಲೆ ಹೊಸ ಪಂಚೆ ಉಟ್ಟ ಹಾಗೆ. ಸಿಮೆಂಟ್ ಪೂರ್ತಿ ಕಿತ್ತು, ಆರು ಜಂತೆ ಬದಲಿಸಿ, ಹೊಸ ತುದಿಗಳ ಸುತ್ತ ಗಾಳಿಯಾಡಲು ಬೆರಳಗಲ ಸಂದು ಬಿಟ್ಟು, ಮೂರು ನಾಲ್ಕು ಇಂಚಿನ ಜೆಲ್ಲಿ ಗಾರೆ ಹಾಕಬೇಕು. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತ ಮರದ ಬಡಿಗೆಯಲ್ಲಿ ದಿನಗಟ್ಟಲೆ ಬಡಿಯಬೇಕು. ಬಡಿಗೆ ಪುಟಿದು ಸದ್ದು ಗಟ್ಟಿಯಾಗುವವರೆಗೆ ನಿಲ್ಲಿಸುವಂತಿಲ್ಲ. ನೀರು ಹರಿಯಲು ಹತ್ತು ಅಡಿಗೆ ಮೂರಿಂಚು ವಾಟ. ಆಮೇಲೆ ಗೋಣಿಚೀಲ ಹಾಸಿ ವಾರಗಟ್ಟಲೆ ತೇವ ಆರದಂತೆ ನೋಡಿಕೊಳ್ಳಬೇಕು. ಈ ನಡುವೆ ಜೋರು ಮಳೆ ಬಿದ್ದರೆ ಹಸಿ ಸುಣ್ಣ ತೊಳೆದುಹೋಗುತ್ತದೆ. ನಾವು ತಾರೀಕಿಗೆ ಇಷ್ಟು ಅಂಟಿಕೊಂಡಿರುವುದು ಇದೇ ಕಾರಣಕ್ಕೆ. ಈ ಕೆಲಸ ಬಲ್ಲ ಗಾರೆಯವರು ಈಗ ಮೈಸೂರಿನಲ್ಲೂ ಕಡಿಮೆ. ಮಾರ್ಚ್ ತಪ್ಪಿದರೆ ಅವರು ಬೇರೆ ಕಡೆ ಒಪ್ಪಿಕೊಂಡಿದ್ದಾರೆ.

ಒದ್ದೆಯಾದ ವಸ್ತುಗಳ ಸ್ಥಿತಿ ಹೀಗಿದೆ. ಫೋಟೋ ಮೇಲಿನ ಜೆಲಟಿನ್ ನೀರು ಕುಡಿದು ಉಬ್ಬಿ, ಪಕ್ಕದ ಫೋಟೋಗೆ ಅಂಟಿಕೊಂಡಿತ್ತು. ಒಣಗಿದ ಮೇಲೆ ಎಳೆದರೆ ಮುಖವೇ ಕಿತ್ತುಬರುತ್ತದೆ. ತಣ್ಣನೆಯ ಶುದ್ಧ ನೀರಿನಲ್ಲಿ ಮತ್ತೆ ನೆನೆಸಿ, ತಾನಾಗಿ ಬಿಟ್ಟ ಮೇಲೆ ಬ್ಲಾಟಿಂಗ್ ಕಾಗದದ ಮೇಲೆ ಮುಖ ಮೇಲಾಗಿ ಒಣಗಿಸಿದ್ದರಿಂದ ಬಹಳಷ್ಟು ಉಳಿದವು. ಎರಡು ದಿನ ದಾಟಿದರೆ ಬೂಷ್ಟು ಶುರು, ಹಾಗಾಗಿ ಸರದಿಗೆ ಕಾಯುತ್ತಿದ್ದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿನಲ್ಲಿ ಇಟ್ಟಿದ್ದಾಯಿತು. ಹಾಡಿನ ಪುಸ್ತಕಗಳ ತುಕ್ಕು ಪಿನ್ನು ತೆಗೆದು ಹತ್ತಿ ದಾರದಲ್ಲಿ ಹೊಲಿಯುವ ಕೆಲಸ ಹುಡುಗಿಯರೇ ಮಾಡುತ್ತಿದ್ದಾರೆ. ರೀಲುಗಳದು ಬೇರೆ ರೋಗ. 16 ಎಂಎಂ ರೀಲು ಅಸಿಟೇಟಿನದು, ಹಳೆಯ ನೈಟ್ರೇಟ್ ರೀಲಿನ ಹಾಗೆ ಭಗ್ಗನೆ ಉರಿಯುವ ಭಯವಿಲ್ಲ. ಆದರೆ ಶಾಖಕ್ಕೂ ತೇವಕ್ಕೂ ಅದು ಕೊಳೆತು ವಿನಿಗರ್ ವಾಸನೆ ಬಿಡುತ್ತದೆ, ಕುಗ್ಗುತ್ತದೆ, ಆ ಹುಳಿ ಆವಿ ಪಕ್ಕದ ಡಬ್ಬಿಗೂ ಹಿಡಿಸುತ್ತದೆ. ಎರಡು ಡಬ್ಬಿಗಳನ್ನು ಬೇರೆ ಕೋಣೆಗೆ ಹಾಕಿದ್ದೇವೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ನೋಡೋಣ ಎಂದು ಡೆಕ್ಕಿಗೆ ಹಾಕಲೇಬಾರದು. ಟೇಪು ಓದುವ ಹೆಡ್ ಕಟ್ಟಿಕೊಳ್ಳುವುದಲ್ಲದೆ ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಬೂಷ್ಟು ದಾಟುತ್ತದೆ. ಅವನ್ನು ಒಣಗಿಸಿ, ಸ್ವಚ್ಛ ಮಾಡಿಸಿ, ಒಂದೇ ಸಲ ಓಡಿಸಿ ಡಿಜಿಟಲ್ ಪ್ರತಿ ತೆಗೆಸಬೇಕು.

ವೈರಿಂಗ್ ಕೂಡ ಇದೇ ಲೆಕ್ಕದಲ್ಲಿ ಸೇರಿಸಿದ್ದೇವೆ. 1989ರ ಫೆಬ್ರವರಿ 8ರಂದು ಟಿಪ್ಪು ಧಾರಾವಾಹಿಯ ಚಿತ್ರೀಕರಣದಲ್ಲಿ ಇದೇ ಊರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ತೀರಿಕೊಂಡದ್ದನ್ನು ಮೈಸೂರಿನವರಿಗೆ ನೆನಪಿಸಬೇಕಿಲ್ಲ. ತೇವ ಹಿಡಿದ ಹಳೆಯ ತಂತಿಯ ಕೆಳಗೆ ಮಕ್ಕಳನ್ನು ಕೂರಿಸಿ ಲೈಟ್ ಹಚ್ಚಲು ನಮಗೆ ಧೈರ್ಯವಿಲ್ಲ. ಹಿತ್ತಲ ಕಡೆಗೆ ಹೊರಕ್ಕೆ ತೆರೆಯುವ ಇನ್ನೊಂದು ಬಾಗಿಲು ಇಡಿಸುತ್ತೇವೆ. ಆ ತನಕ ತರಗತಿ ಜಗಲಿಯಲ್ಲಿ.

ಅಂದಾಜು: ತಾರಸಿ, ಜಂತೆ ಸೇರಿ ಏಳು ಲಕ್ಷದ ಆಸುಪಾಸು. ವೈರಿಂಗ್, ಬಾಗಿಲು ಒಂದೂವರೆ. ಕ್ಯಾಸೆಟ್, ರೀಲು, ಫೋಟೋ ಕೆಲಸಕ್ಕೆ ಎರಡು, ಇದು ಹೆಚ್ಚಾದರೂ ಆಗಬಹುದು. ಕೈಯಲ್ಲಿ ಮೂರು ಲಕ್ಷ ಇದೆ. ಒಂದು ಚದರ ಅಡಿ ತಾರಸಿಗೆ ಆರುನೂರು ರೂಪಾಯಿ ಎಂದಿಟ್ಟುಕೊಂಡು, ಕೈಲಾದಷ್ಟು ಅಡಿ ಹೊರಬೇಕಾಗಿ ವಿನಂತಿ. ಖಾತೆಯ ವಿವರ ಕಳೆದ ವರ್ಷದ ರಸೀದಿಯ ಹಿಂಬದಿಯಲ್ಲಿದೆ, ಬದಲಾಗಿಲ್ಲ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ದೇಣಿಗೆಯ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಮೂಲಕ ಕಳಿಸಿ, ಪ್ಯಾನ್ ಸಂಖ್ಯೆ ಬರೆಯಿರಿ. ಹಳೆಯ ಫೋಟೋ, ಪೋಸ್ಟರ್ ಕೊಡುವವರು ದಯವಿಟ್ಟು ಲ್ಯಾಮಿನೇಷನ್ ಮಾಡಿಸಿ ತರಬೇಡಿ. ಒಮ್ಮೆ ಮಾಡಿದ್ದನ್ನು ಬಿಡಿಸಲು ಬರುವುದಿಲ್ಲ. ಹೇಗಿದೆಯೋ ಹಾಗೇ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ.

ಮಂಡ್ಯ ಕಡೆಯ ಆಲೆಮನೆಯವರಲ್ಲಿ ಬೇರೆಯದೇ ಒಂದು ಕೋರಿಕೆ. ಗಾರೆಗೆ ಬೆಲ್ಲ ಬೇಕು. ಮಾರಲು ಬಾರದ, ಅಚ್ಚು ಒಡೆದು ಕಪ್ಪಾದ ಬೆಲ್ಲವೇ ಆದೀತು. ಶಿವರಾತ್ರಿಗೆ ಮುಂಚೆ ಹೇಳಿದರೆ ನಾವೇ ಗಾಡಿ ಕಳಿಸುತ್ತೇವೆ.

ಇಂತಿ,
ಧರ್ಮದರ್ಶಿಗಳು
ಲಕ್ಷ್ಮೀಪುರಂ, ಮೈಸೂರು